ಭಕ್ತಿಯಿಂದಲೂ ಗೌರವದಿಂದಲೂ ಬಾಳುವುದು ಎಂದರೆ ದಿನನಿತ್ಯದಲ್ಲಿ ಏನು?

ಗೋವಾದ ವಾಸ್ಕೋದಲ್ಲಿ ಕಟ್ಟಡದ ಗುತ್ತಿಗೆ ಹಿಡಿದಿರುವ ತಾವು, ಹೀಗೆ ಬಾಳಲು ಭಾನುವಾರದ ಆರಾಧನೆ ತಪ್ಪಿಸದಿದ್ದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು.

ಭಕ್ತಿ, ಗೌರವದ ಬಾಳಿನ ಈ ಮಾತು ಬರುವುದು ಬೈಬಲಿನಲ್ಲಿ, ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ. ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಬೇಕೆಂದು ಹೇಳಿ, ನೆಮ್ಮದಿಯ ಬಾಳನ್ನು ಅದಕ್ಕೆ ಜೋಡಿಸುತ್ತಾನೆ. ಆಗ ಆಳುತ್ತಿದ್ದವರು ರೋಮಿನ ಚಕ್ರವರ್ತಿಗಳು, ಕ್ರೈಸ್ತರಲ್ಲ. ಅಂದರೆ ಅವನು ಹೇಳಿದ್ದು ಕ್ರೈಸ್ತರಲ್ಲದವರ ನಡುವಿನ ಬಾಳಿನ ಮಾತು. ಹಾಗಾಗಿ ಈ ಭಕ್ತಿಯನ್ನು ನಾಲ್ಕು ಜನರ ನಡುವೆ, ಕೆಲಸದ ಜಾಗದಲ್ಲೇ ನಡೆದು ತೋರಿಸಬೇಕು.

ನಿಮ್ಮ ಮಟ್ಟಿಗೆ ಪರೀಕ್ಷೆ ಎಂದರೆ ಶನಿವಾರ ಸಂಜೆಯ ಬಟವಾಡೆ. ಕೂಲಿಯವನ ಸಂಬಳವನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎನ್ನುತ್ತದೆ ಬೈಬಲಿನ ಯಾಜಕಕಾಂಡ 19:13. ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ ತನ್ನ ಪತ್ರದಲ್ಲಿ (5:4). ಗದಗ, ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದವನು ಓದಲು ಬಾರದೆ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವಾಗ ಅವನ ಅರ್ಧ ದಿನವನ್ನು ನುಂಗದಿರುವುದು, ಇಟ್ಟಿಗೆ ಹೊರುವ ಹೆಂಗಸರನ್ನು ಹೋಗೇ ಬಾರೇ ಎಂದು ಗದರದಿರುವುದು, ನನ್ನ ಪ್ರಕಾರ ಗೌರವದ ಬಾಳು ಇಲ್ಲೇ ಶುರು. (ಮೇಸ್ತ್ರಿ ಬರೆದ ಲೆಕ್ಕ ಎಂದು ಜಾರಿಕೊಳ್ಳಬೇಡಿ.)

ಪ್ರಾರ್ಥನೆ, ಬೈಬಲ್ ಪಾಠ ಬೇಡವೆಂದಲ್ಲ. ಅವಿಲ್ಲದೆ ಇದು ಬಹಳ ದಿನ ನಡೆಯದು. ಆದರೆ ಯಾರದಾದರೂ ಬಾಕಿ ಉಳಿದಿದ್ದರೆ ಈ ವಾರವೇ ತೀರಿಸಿಬಿಡಿ.