ಓದುಗರ ಪ್ರಶ್ನೆ, ನಮ್ಮ ಉತ್ತರ: ರಬ್ಬರಿನ ಮೇಲೊಂದು ಹೆಸರು

‘ಮೈ ಲವ್ ಮಿಕ್ಸ್‌-ಅಪ್!’ ಎಂಬ ಮಾಂಗಾದ (ಜಪಾನಿ ಚಿತ್ರಕಥೆಯ) ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಕಥೆ ಗೊತ್ತಿಲ್ಲದವರಿಗೆ ಇಷ್ಟು: ಹೈಸ್ಕೂಲ್ ಹುಡುಗ ಅವೋಕಿ, ತನಗಿಷ್ಟವಾದ ಹಾಶಿಮೊಟೊ ಎಂಬ ಹುಡುಗಿಯಿಂದ ರಬ್ಬರ್ ಇಸಿದುಕೊಳ್ಳುತ್ತಾನೆ. ಅದರ ಮೇಲೆ ಸಹಪಾಠಿ ಇದಾನ ಹೆಸರು, ಪಕ್ಕದಲ್ಲೊಂದು ಹೃದಯದ ಗುರುತು. ಅದೇ ರಬ್ಬರ್ ಇದಾನ ಕಣ್ಣಿಗೂ ಬೀಳುತ್ತದೆ. ಹುಡುಗಿಯ ಗುಟ್ಟು ಬಿಟ್ಟುಕೊಡಲು ಮನಸ್ಸಾಗದೆ ಅವೋಕಿ ಅದು ತನ್ನದೇ ಎಂದುಬಿಡುತ್ತಾನೆ. ‘ಇವನಿಗೆ ನನ್ನ ಮೇಲೆ ಪ್ರೀತಿ’ ಎಂದು ಇದಾ ನಂಬುತ್ತಾನೆ.

ಪ್ರಶ್ನೆ: ಹುಡುಗಿಯರ ಪತ್ರಿಕೆಯಲ್ಲಿ ಬಂದದ್ದನ್ನು ಬಿಎಲ್ (ಬಾಯ್ಸ್ ಲವ್, ಅಂದರೆ ಹುಡುಗರಿಬ್ಬರ ಪ್ರೇಮಕಥೆ) ಎನ್ನಬಹುದೇ?

ಧಾರಾಳವಾಗಿ ಎನ್ನಬಹುದು. ಇದು 2019ರಿಂದ 2022ರವರೆಗೆ ಶುಯೇಶಾ ಪ್ರಕಾಶನದ ‘ಬೆಸ್ಸಾತ್ಸು ಮಾರ್ಗರೆಟ್’ ಎಂಬ ಶೋಜೋ (ಹದಿಹರೆಯದ ಹುಡುಗಿಯರ) ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಒಟ್ಟು 9 ಸಂಪುಟ, ಕಥೆ ಮುಗಿದಿದೆ. ಸಾಮಾನ್ಯವಾಗಿ ಬಿಎಲ್‌ಗೆ ಅದರದೇ ಪತ್ರಿಕೆಗಳಿವೆ. ಇಬ್ಬರು ಹುಡುಗರ ಪ್ರೀತಿ ಶೋಜೋ ಪತ್ರಿಕೆಯ ಉಳಿದ ಪ್ರೇಮಕಥೆಗಳ ನಡುವೆ, ಅವುಗಳದೇ ಧಾಟಿಯಲ್ಲಿ ಬಂದದ್ದು ಈ ಸರಣಿಯ ಹೆಚ್ಚುಗಾರಿಕೆ. ಕಥೆ ವತಾರು ಹಿನೆಕುರೆ ಅವರದು, ಚಿತ್ರ ಅರುಕೊ ಅವರದು. ‘ಮೈ ಲವ್ ಸ್ಟೋರಿ!!’ ಓದಿದವರಿಗೆ ಅರುಕೊ ಅವರ ಗೆರೆ ಕೂಡಲೇ ಗುರುತು ಸಿಗುತ್ತದೆ.

ಪ್ರಶ್ನೆ: ಇದಾ ಮರದ ಕೊರಡಿನಂತಿದ್ದಾನೆ. ಅವನಲ್ಲಿ ಅವೋಕಿ ಏನು ಕಂಡ?

ಈ ಮಾತನ್ನು ಹಲವರು ಬರೆದಿದ್ದಾರೆ, ನಾವು ಒಪ್ಪುವುದಿಲ್ಲ. ಹಗುರ ಬಿಎಲ್‌ನಲ್ಲಿ ಕೆಟ್ಟ ಅಭ್ಯಾಸವೊಂದಿದೆ: ಹುಡುಗ ಹುಡುಗನನ್ನು ಮೆಚ್ಚಿದ್ದನ್ನೇ ನಗೆಯ ಸರಕು ಮಾಡಿಕೊಳ್ಳುವುದು. ಇಲ್ಲಿ ನಗೆ ಹುಟ್ಟುವುದು ತಪ್ಪು ತಿಳಿವಳಿಕೆಯಿಂದ, ಪ್ರೀತಿಯಿಂದಲ್ಲ. ಹಾಗೆ ಆಗಲು ಇದಾನ ಸ್ವಭಾವವೇ ಕಾರಣ. ಅವನು ಗೇಲಿ ಮಾಡುವುದಿಲ್ಲ, ಊರಿಗೆಲ್ಲ ಸಾರುವುದಿಲ್ಲ. ಬಂದ ಪ್ರೀತಿಗೆ ಯೋಚಿಸಿಯೇ ಉತ್ತರ ಕೊಡಬೇಕೆಂದು ಕೂರುತ್ತಾನೆ. ಚಿತ್ರಗಳನ್ನೂ ಗಮನಿಸಿ. ಗಾಬರಿಯಾದಾಗ ಅವೋಕಿಯ ಕಣ್ಣು, ಬಾಯಿ, ಕೂದಲು ಎಲ್ಲ ಚೆಲ್ಲಾಪಿಲ್ಲಿ. ಇದಾನ ಮುಖಕ್ಕೆ ಕೆಲವೇ ಗೆರೆ. ಹಾಗಾಗಿಯೇ ಅವನ ಹುಬ್ಬು ಒಂಚೂರು ಮೇಲೇರಿದರೂ ನಮಗೆ ದೊಡ್ಡ ಸುದ್ದಿ. ಬೇಗ ಬೇಗ ಪುಟ ತಿರುಗಿಸುವವರಿಗೆ ಅದು ತಪ್ಪಿಹೋಗುತ್ತದೆ.

ಪ್ರಶ್ನೆ: ಓದುವಾಗ ಮಾತುಗಳ ಕ್ರಮವೇ ತಪ್ಪುತ್ತದೆ. ಉತ್ತರ ಮೊದಲು, ಪ್ರಶ್ನೆ ಆಮೇಲೆ!

ಪುಟವನ್ನು ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕು. ಒಂದು ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳಿಗೂ ಅದೇ ಕ್ರಮ. ಹೆಚ್ಚಿನವರು ಎಡವುವುದು ಎರಡು ಸಾಲಿಗೂ ಚಾಚಿದ ಉದ್ದ ಚೌಕಟ್ಟಿನಲ್ಲಿ. ಅದು ಬಲಕ್ಕಿದ್ದರೆ ಮೊದಲು ಅದನ್ನು ಓದಿ, ಆಮೇಲೆ ಎಡಗಡೆಯ ಎರಡನ್ನು ಮೇಲಿನಿಂದ ಕೆಳಕ್ಕೆ. ಎಡಕ್ಕಿದ್ದರೆ ಬಲಗಡೆಯ ಎರಡೂ ಮುಗಿಯಲಿ, ಕೊನೆಗೆ ಉದ್ದದ್ದು. ಗುಳ್ಳೆಯ ಹೊರಗಿನ ಸಣ್ಣ ಅಕ್ಷರಗಳನ್ನು ಬಿಡಬೇಡಿ. ಅದು ಪಾತ್ರದ ಗೊಣಗಾಟ. ಇಂಥ ಸರಣಿಯಲ್ಲಿ ಅರ್ಧ ತಮಾಷೆ ಅಲ್ಲೇ ಇರುತ್ತದೆ. ಮೊಬೈಲ್‌ನಲ್ಲಾದರೆ ಒಂದೊಂದೇ ಪುಟ ತಿರುಗುವ ವಿಧಾನ ಇಟ್ಟುಕೊಳ್ಳಿ. ಮೇಲಿನಿಂದ ಕೆಳಕ್ಕೆ ಸರಿಸುತ್ತ ಹೋದರೆ ಪುಟ ತಿರುಗಿಸಿದಾಗ ಸಿಗಬೇಕಾದ ಅಚ್ಚರಿ ಮೊದಲೇ ಕಂಡುಬಿಡುತ್ತದೆ. ಜೋಡಿ ಪುಟದ ಚಿತ್ರ ಬಂದಾಗ ಫೋನ್ ಅಡ್ಡ ಮಾಡಿ.

ಪ್ರಶ್ನೆ: ಮೊದಲು ಧಾರಾವಾಹಿ ನೋಡಲೇ, ಪುಸ್ತಕ ಓದಲೇ?

ಪುಸ್ತಕ. ಮಿಚಿಯೆದಾ ಶುನ್ಸುಕೆ ಮತ್ತು ಮೆಗುರೊ ರೆನ್ ನಟಿಸಿದ ಜಪಾನಿ ಧಾರಾವಾಹಿ 2021ರಲ್ಲೇ ಮುಗಿಯಿತು, ಆಗ ಮಾಂಗಾ ಇನ್ನೂ ನಡೆಯುತ್ತಿತ್ತು. 2024ರಲ್ಲಿ ಥಾಯ್ ಆವೃತ್ತಿಯೂ ಬಂತು.

ಪ್ರಶ್ನೆ: 13 ವರ್ಷದ ಮಗಳಿಗೆ ಕೊಡಬಹುದೇ?

ಕೊಡಬಹುದು. ಕೈ ಹಿಡಿಯುವುದು, ನಾಚಿಕೆ, ಪರೀಕ್ಷೆ, ಗೆಳೆತನದ ಮುನಿಸು, ಇಷ್ಟೇ. ಆದರೆ ‘ಬಿಎಲ್’ ಎಂಬ ಪಟ್ಟಿಯನ್ನೇ ನಂಬಿ ಬೇರೆ ಪುಸ್ತಕ ಕೊಡಬೇಡಿ. ಅದೇ ಹೆಸರಿನಡಿ ವಯಸ್ಕರಿಗೆ ಮಾತ್ರವೇ ಇರುವವು ಬೇಕಾದಷ್ಟಿವೆ. ಹಿಂಬದಿಯ ರಕ್ಷಾಪುಟದಲ್ಲಿ ವಯೋಮಿತಿ ನೋಡಿಯೇ ಕೊಳ್ಳಿ.

ಪ್ರಶ್ನೆ: ಅರ್ಧ ಬೆಲೆಗೆ ಪೂರ್ತಿ ಸೆಟ್ ಸಿಗುತ್ತಿದೆ. ಅಸಲಿಯೇ?

ಅನುಮಾನಿಸಿ. ಇಂಗ್ಲಿಷ್ ಆವೃತ್ತಿ ವಿಜ್ ಮೀಡಿಯಾ ಪ್ರಕಾಶನದ ‘ಶೋಜೋ ಬೀಟ್’ ಮಾಲೆಯದು. ಬೂದು ಛಾಯೆಯಿರುವ ಜಾಗವನ್ನು, ಅಂದರೆ ಕೂದಲು ಅಥವಾ ಸಮವಸ್ತ್ರದ ಕೋಟನ್ನು, ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅಸಲಿಯಲ್ಲಿ ಸ್ಕ್ರೀನ್‌ಟೋನಿನ, ಅಂದರೆ ಬೂದು ಛಾಯೆ ಮೂಡಿಸುವ ವಿನ್ಯಾಸದ, ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅವು ಕಲೆಸಿ ಮಸಿಯಾಗುತ್ತವೆ, ಇಲ್ಲವೇ ಅಲೆಅಲೆಯಾದ ಪಟ್ಟೆ ಏಳುತ್ತದೆ. ಅಂಚಿನ ಮಾತುಗಳು ಕತ್ತರಿಸಿಹೋಗಿದ್ದರೂ ನಕಲಿಯೇ ಎಂದು ತಿಳಿಯಿರಿ. ದುಡ್ಡು ಸಾಲದಿದ್ದರೆ ಒಂದೇ ಅಸಲಿ ಸಂಪುಟ ಕೊಳ್ಳಿ.

ಪ್ರಶ್ನೆ: ಇದು ಮುಗಿಯಿತು. ಮುಂದೆ?

ಶಾಲೆಯ ವಾತಾವರಣವೇ ಬೇಕಿದ್ದರೆ ‘ಸಸಾಕಿ ಆ್ಯಂಡ್ ಮಿಯಾನೊ’. ಅದರ ನಾಯಕ ಸ್ವತಃ ಬಿಎಲ್ ಓದುಗ. ಹಿರಿಯ ವಿದ್ಯಾರ್ಥಿ ಸಸಾಕಿಗೆ ಪುಸ್ತಕ ಎರವಲು ಕೊಡುತ್ತ ಕಥೆ ಬೆಳೆಯುತ್ತದೆ, ನಡಿಗೆ ನಿಧಾನ. ಕಚೇರಿಯ ಕಥೆ ಇಷ್ಟವಾದರೆ ‘ಚೆರ್ರಿ ಮ್ಯಾಜಿಕ್!’: 30 ತುಂಬಿದ ಅದಾಚಿಗೆ ಮುಟ್ಟಿದವರ ಮನಸ್ಸು ಓದುವ ಶಕ್ತಿ ಬರುತ್ತದೆ, ಮೆಚ್ಚುಗೆ ಬಚ್ಚಿಟ್ಟುಕೊಂಡ ಸಹೋದ್ಯೋಗಿ ಕುರೊಸಾವಾ ಸಿಕ್ಕಿಬೀಳುತ್ತಾನೆ. ನಗು ಬೇಕೆಂದು ಬರೆದವರಿಗೆಲ್ಲ ನಮ್ಮ ಮೊದಲ ಶಿಫಾರಸು ಇದೇ.