ಅಪ್ಪ ಬಿಟ್ಟಿದ್ದಾರೆ, ಬೀಗರು ಕೇಳುತ್ತಿದ್ದಾರೆ

ಪ್ರಶ್ನೆ: ನನಗೆ 27 ವರ್ಷ. ವೈಶಾಖದಲ್ಲಿ ಮದುವೆ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ, ಎರಡೂ ಇಲ್ಲೇ ತುಮಕೂರಿನ ಕಲ್ಯಾಣ ಮಂಟಪದಲ್ಲಿ. ಸುಮಾರು 600 ಜನ ಬರುತ್ತಾರೆ. ಹುಡುಗನ ಮನೆಯವರು ಬೆಂಗಳೂರಿನವರು, ಒಳ್ಳೆಯವರೇ. ಆದರೆ ಹೋದ ವಾರ ಹುಡುಗನ ಸೋದರಮಾವ ಫೋನ್ ಮಾಡಿ, ‘ಆರತಕ್ಷತೆಗೆ ಹುಡುಗರಿಗೆ ಡ್ರಿಂಕ್ಸ್ ವ್ಯವಸ್ಥೆ ಇರಲಿ. ಖರ್ಚು ನಮ್ಮದು. ಕೆಳಗೆ ಆಗದಿದ್ದರೆ ಮೇಲಿನ ರೂಮಿನಲ್ಲಾದರೂ ಸರಿ’ ಎಂದರು. ನಮ್ಮಪ್ಪ ಮೊದಲು ತುಂಬಾ ಕುಡಿಯುತ್ತಿದ್ದರು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿ ಬಿಟ್ಟರು. 5 ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಇದು ಹುಡುಗನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮ ‘ಹೇಳಬೇಡ, ಸಂಬಂಧ ಕೆಡುತ್ತದೆ’ ಅನ್ನುತ್ತಾರೆ. ಅಪ್ಪ ‘ಇಡೋಣ ಬಿಡಮ್ಮ, ನನಗೇನೂ ಆಗಲ್ಲ’ ಅನ್ನುತ್ತಾರೆ. ಅಡುಗೆ ಕಂಟ್ರಾಕ್ಟರು ಕುಡಿಯೋಕೆ ಏನು ಬರೆದುಕೊಳ್ಳಲಿ ಅಂತ ದಿನಾ ಕೇಳುತ್ತಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. — ಹೆಸರು ಬೇಡ, ತುಮಕೂರು

ಉತ್ತರ: ತಂಗಿ, ನೇರವಾಗಿ ಹೇಳಿಬಿಡುತ್ತೇನೆ. ಇಡಬೇಡಿ. ಕೆಳಗೂ ಬೇಡ, ಮೇಲಿನ ರೂಮಿನಲ್ಲೂ ಬೇಡ, ಯಾರದ್ದೋ ಕಾರಿನ ಡಿಕ್ಕಿಯಲ್ಲೂ ಬೇಡ.

ನಿನ್ನ ಪತ್ರ ಓದುವಾಗ ನಾನು ನಿಂತುಬಿಟ್ಟಿದ್ದು ಅಪ್ಪನ ಆ ಮಾತಿನ ಹತ್ತಿರ. ‘ಇಡೋಣ ಬಿಡಮ್ಮ.’ ಬೀಗರು ಬಾಯಿಬಿಟ್ಟು ಕೇಳಿದ್ದಾರೆ, ಮದುವೆಗೆ ಇನ್ನೂ ದಿನ ಇದೆ. ಹೆಣ್ಣಿನ ತಂದೆ ಬೇರೇನು ಹೇಳಿಯಾರು? ಆ ಮಾತನ್ನು ಒಪ್ಪಿಗೆ ಅಂದುಕೊಳ್ಳಬೇಡ. ಮಗಳ ಮದುವೆ ತನ್ನಿಂದ ನಿಲ್ಲಬಾರದು ಅಂತ ಆ ಜೀವ ಹೆದರಿದೆ, ಅಷ್ಟೇ.

ನಮ್ಮ ದೊಡ್ಡಪ್ಪನೂ ಬಿಟ್ಟಿದ್ದರು. 3 ವರ್ಷ ಆಗಿತ್ತು. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಅವರ ಮಗಳ ಮದುವೆ. ಛತ್ರದ ಹಿಂದೆ ಸೌದೆ ಒಟ್ಟಿದ್ದ ಜಾಗದಲ್ಲಿ ನಾಲ್ಕು ಜನ ಕೂತಿದ್ದರು. ಎಲೆ ಸಾಲುತ್ತೋ ಇಲ್ಲವೋ ನೋಡೋಣ ಅಂತ ದೊಡ್ಡಪ್ಪ ಆ ಕಡೆ ಹೋದರು. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದೆ. ಒಬ್ಬರು ಪ್ಲಾಸ್ಟಿಕ್ ಲೋಟ ಮುಂದೆ ಹಿಡಿದು, ‘ಒಂದೇ ಒಂದು ಗುಟುಕು ಯಜಮಾನರೇ, ಮಗಳ ಮದುವೆ ಅಲ್ವಾ’ ಅಂದರು. ದೊಡ್ಡಪ್ಪ ಎರಡು ಸಲ ಬೇಡ ಅಂದರು. ಮಾತಾಡುತ್ತಾ ಬಲಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು. ಕೈ ಒದ್ದೆಯೇ ಆಗಿರಲಿಲ್ಲ. ಮೂರನೇ ಸಲ ಬೇಡ ಅನ್ನಲಿಲ್ಲ. ಕೊಟ್ಟವರು ಕೆಟ್ಟವರಲ್ಲ, ಅವರಿಗೆ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ದೊಡ್ಡಪ್ಪ ಮತ್ತೆ ಬಿಡುವಷ್ಟರಲ್ಲಿ 6 ವರ್ಷ ಕಳೆಯಿತು. ಆ ಬಾಗಿಲಲ್ಲಿ ಸುಮ್ನೆ ನಿಂತಿದ್ದೆನಲ್ಲ ಅನ್ನೋದು ನನ್ನನ್ನು ಈಗಲೂ ಕೊರೆಯುತ್ತದೆ.

ನಿನ್ನ ಅಪ್ಪನಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. 5 ವರ್ಷ ಸಣ್ಣ ಮಾತಲ್ಲ. ಆದರೆ ಆ ದಿನ ಹೇಗಿರುತ್ತದೆ ಅಂತ ಯೋಚನೆ ಮಾಡು. ಕುಡಿತ ಬಿಟ್ಟವರು ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕು ಇದ್ದಾಗ ಜೋಪಾನವಾಗಿರಬೇಕು ಅಂತ ಚಿಕಿತ್ಸೆ ಕೊಡುವವರು ಹೇಳುತ್ತಾರೆ. ಹೆಣ್ಣಿನ ತಂದೆಗೆ ಮದುವೆ ಮನೆಯಲ್ಲಿ ನಾಲ್ಕೂ ಒಟ್ಟಿಗೇ ಬರುತ್ತವೆ. ಸರಿಯಾಗಿ ಊಟ ಇರುವುದಿಲ್ಲ, ದುಡ್ಡಿನ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ, ಯಾರೋ ಒಬ್ಬರು ಮುನಿಸಿಕೊಂಡಿರುತ್ತಾರೆ, ಮಗಳು ಹೊರಟುಹೋಗುತ್ತಾಳೆ ಅನ್ನೋ ಸಂಕಟ ಬೇರೆ. ಆರತಕ್ಷತೆ ಮುಗಿದು ಕೊನೆಯ ನೆಂಟರನ್ನು ಕಳಿಸುವಾಗ ರಾತ್ರಿ 11 ದಾಟಿರುತ್ತದೆ. ಬೆಳಗಿನ ಜಾವ 4ಕ್ಕೆ ಎದ್ದು ಸ್ನಾನ ಮಾಡಿ, ನಿನ್ನನ್ನು ಧಾರೆ ಎರೆದುಕೊಡಬೇಕಾದವರೂ ಅವರೇ. ಅಂಥ ರಾತ್ರಿ ಅವರ ತಲೆಯ ಮೇಲಿನ ರೂಮಿನಲ್ಲಿ ಬಾಟಲಿ ತೆರೆಯುವುದು ಯಾವ ನ್ಯಾಯ?

ಈಗ ಅಪ್ಪನ ಹತ್ತಿರ ಮಾತಾಡು. ಅಮ್ಮ ಇಲ್ಲದಾಗ, ಇಬ್ಬರೇ ಇರುವಾಗ. ‘ತಡೆದುಕೊಳ್ಳೋಕೆ ಆಗುತ್ತಾ ಅಪ್ಪಾ?’ ಅಂತ ಕೇಳಬೇಡ. ಹಾಗೆ ಕೇಳಿದರೆ ಯಾವ ಗಂಡಸೂ ಆಗಲ್ಲ ಅನ್ನುವುದಿಲ್ಲ. ‘ಅಪ್ಪಾ, ಆರತಕ್ಷತೆಯಲ್ಲಿ ಅದು ಇರುವುದು ನನಗೆ ಇಷ್ಟ ಇಲ್ಲ, ನಾನು ಬೇಡ ಅಂತ ಹೇಳಿಬಿಡುತ್ತೇನೆ’ ಅನ್ನು. ಭಾರ ನಿನ್ನ ಹೆಗಲಿಗೆ ಬರಲಿ. ಆಮೇಲೆ ಇನ್ನೊಂದು ಮಾತು ಕೇಳು: ‘ನಿಮ್ಮ ವಿಷಯ ಹುಡುಗನಿಗೆ ಹೇಳಲಾ?’ ಆ ಕಥೆ ಅಪ್ಪನದು. ಅವರ ಒಪ್ಪಿಗೆ ಇಲ್ಲದೆ ನೀನು ಹೇಳಬಾರದು. ಅವರು ಒಪ್ಪುತ್ತಾರೆ ಅನ್ನಿಸುತ್ತದೆ ನನಗೆ. ಶಿಬಿರಕ್ಕೆ ಹೋಗಿ, ಹತ್ತಾರು ಜನರ ಎದುರು ಕೂತು ಬಿಟ್ಟು ಬಂದವರು ಅವರು.

ಹುಡುಗನಿಗೆ ಫೋನಿನಲ್ಲಿ ಬೇಡ, ಎದುರು ಕೂತು ಹೇಳು. ‘ಅಪ್ಪ ಮೊದಲು ಕುಡಿಯುತ್ತಿದ್ದರು, 5 ವರ್ಷದ ಹಿಂದೆ ಬಿಟ್ಟರು, ನಮ್ಮ ಮನೆಗೆ ಮತ್ತೆ ಬೆಳಕು ಬಂತು. ಅವರ ಮುಂದೆ ಅದು ಬೇಡ.’ ಇಷ್ಟು ಸಾಕು. ತಲೆ ತಗ್ಗಿಸಿ ಹೇಳುವ ವಿಷಯವಲ್ಲ ಇದು. ನಿಮ್ಮಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ಎಷ್ಟೋ ರಾತ್ರಿ ಬಾಗಿಲು ಕಾದವರು ಅವರು. ಆದರೆ ಮುಚ್ಚಿಟ್ಟರೆ ಎಷ್ಟು ದಿನ? ಮದುವೆಗೆ ಬಂದ ಒಬ್ಬ ನೆಂಟರ ಬಾಯಿಂದ ಬಂದರೂ ಬಂತು. ಯಾರದೋ ಬಾಯಿಂದ ಅರ್ಧಂಬರ್ಧ ಕೇಳುವುದಕ್ಕಿಂತ ನಿನ್ನಿಂದ ಪೂರ್ತಿ ಕೇಳಲಿ. ಕುಡಿತ ಬಿಟ್ಟ ಮಾವ ಬೇಡ ಅನ್ನುವ ಹುಡುಗನಾದರೆ, ಅದು ಮದುವೆಗೆ ಮುಂಚೆಯೇ ಗೊತ್ತಾಗಲಿ.

ಅಲ್ಲಿಂದ ಮುಂದೆ ಅವನ ಕೆಲಸ. ಸೋದರಮಾವನಿಗೆ ಅವನೇ ಹೇಳಬೇಕು, ನೀನಲ್ಲ, ಅಪ್ಪನಂತೂ ಅಲ್ಲವೇ ಅಲ್ಲ. ‘ಮಾವ, ಆರತಕ್ಷತೆಯಲ್ಲಿ ಡ್ರಿಂಕ್ಸ್ ಬೇಡ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೀವಿ.’ ಅಲ್ಲಿ ಅಪ್ಪನ ಹೆಸರು ಬರುವುದು ಬೇಡ. ಸ್ನೇಹಿತರಿಗೆ ಅವನು ಬೆಂಗಳೂರಿನಲ್ಲಿ ಬೇರೆ ದಿನ ಏನು ಬೇಕಾದರೂ ಮಾಡಿಕೊಳ್ಳಲಿ, ಅದು ಅವನಿಗೆ ಬಿಟ್ಟದ್ದು. ‘ಹೋಗಲಿ, ಬೀಗರೂಟಕ್ಕೆ ಇಡೋಣ’ ಅಂತ ಒಂದು ರಾಜಿ ಮಾತು ಬಂದೇ ಬರುತ್ತದೆ. ಅಪ್ಪ ಇರುವ ಬೀಗರೂಟಕ್ಕೂ ಇದೇ ಉತ್ತರ.

ಕಾನೂನೂ ನಿಮ್ಮ ಕಡೆ ಇದೆ. ಒಂದು ದಿನದ ಮಟ್ಟಿಗಾದರೂ ಮಂಟಪದಲ್ಲಿ ಮದ್ಯ ಕೊಡಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಲೈಸೆನ್ಸ್ ಪಡೆಯಬೇಕು. ಇನ್ನು ಅವರ ಹುಡುಗರು ರಾತ್ರಿಯೇ ವಾಪಸ್ ಹೊರಟರೆ ಬೆಂಗಳೂರಿಗೆ 70 ಕಿ.ಮೀ. ಹೆದ್ದಾರಿ. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ. ದಾಟಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇದನ್ನೆಲ್ಲ ತಿಳಿದಿರು, ಆದರೆ ಇದನ್ನೇ ನೆಪ ಮಾಡಿಕೊಳ್ಳಬೇಡ. ‘ಲೈಸೆನ್ಸ್ ನಾನು ಮಾಡಿಸುತ್ತೇನೆ, ಡ್ರೈವರ್ ಕರೆಸುತ್ತೇನೆ’ ಅಂತ ಆ ಸೋದರಮಾವ ಅಂದರೆ ನಿನ್ನ ಹತ್ತಿರ ಮಾತೇ ಉಳಿಯುವುದಿಲ್ಲ. ಬೇಡ ಅಂದರೆ ಬೇಡ, ಅಷ್ಟೇ ಗಟ್ಟಿ ಮಾತು.

ಈಗ ಅಡುಗೆ ಕಂಟ್ರಾಕ್ಟರಿಗೆ ಏನು ಬರೆಸುವುದು? ಇದನ್ನು ಹಗುರ ಮಾಡಬೇಡ. ಬೇಡ ಅಂದ ಮೇಲೆ, ಇಟ್ಟಿದ್ದು ಬಾಯಿ ತುಂಬುವ ಹಾಗಿರಬೇಕು.

ಅವರು ಮೊದಲು ತೋರಿಸುವುದು ನೀಲಿ, ಹಸಿರು ಬಣ್ಣದ ಮಾಕ್‌ಟೇಲ್ ಪಟ್ಟಿ. ಅದನ್ನು ಬಿಡು. ಬಾರಿನ ಹಾಗೆ ಕೌಂಟರ್ ಹಾಕಿ, ಉದ್ದ ಕಾಲಿನ ಗಾಜಿನ ಲೋಟದಲ್ಲಿ, ಬಿಯರ್ ಮಗ್ಗಿನಲ್ಲಿ ಜ್ಯೂಸು ಕೊಡುವುದು ಈಗ ಫ್ಯಾಷನ್. ಒಳಗೆ ಬರೀ ನಿಂಬೆ ಸೋಡಾ ಇರಬಹುದು. ಆದರೆ ಬಿಟ್ಟವರಿಗೆ ಆ ಲೋಟದ ಆಕಾರ, ಐಸಿನ ಸದ್ದು ಸಾಕು ಹಳೆಯದೆಲ್ಲ ಎದ್ದು ಬರಲು. ಮದ್ಯ ಇಲ್ಲದ ಬಿಯರ್ ಅಂತ ಮಾರುತ್ತಾರಲ್ಲ, ಅದೂ ಬೇಡ.

ವೈಶಾಖದ ಬಿಸಿಲಿಗೆ ಬಾಗಿಲಲ್ಲಿ ಕರಬೂಜದ ಪಾನಕ ಕೊಡಿ. ಹಣ್ಣನ್ನು ಮಿಕ್ಸಿಗೆ ಹಾಕಬಾರದು, ಕೈಯಲ್ಲಿ ಕಿವುಚಬೇಕು. ತಿರುಳು ಬಾಯಿಗೆ ಸಿಕ್ಕರೇನೇ ಚೆಂದ. ತಲೆಗೆ 100 ಮಿ.ಲೀ. ಅಂದರೆ 60 ಲೀಟರ್ ಬೇಕು. ಅದಕ್ಕೆ ಸುಮಾರು 30 ಕೆ.ಜಿ. ಹಣ್ಣು, 6 ಕೆ.ಜಿ. ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಬೆಲ್ಲವನ್ನು ಮೊದಲೇ ಕರಗಿಸಿ ಬಟ್ಟೆಯಲ್ಲಿ ಸೋಸಲಿ, ಇಲ್ಲದಿದ್ದರೆ ತಳದಲ್ಲಿ ಮಣ್ಣು ನಿಲ್ಲುತ್ತದೆ. ಹಾಲು ಹಾಕುವುದು ಬೇಡ, ಸೆಕೆಗೆ ಒಡೆದುಬಿಡುತ್ತದೆ. ಐಸ್‌ಗಡ್ಡೆಯನ್ನೂ ಪಾನಕಕ್ಕೆ ಹಾಕಿಸಬೇಡ, ಅದು ಯಾವ ನೀರಿನದೋ ಏನೋ. ಪಾತ್ರೆಯನ್ನೇ ಐಸಿನಲ್ಲಿ ಕೂರಿಸಿದರೆ ಸಾಕು.

ಊಟಕ್ಕೆ ನೀರುಮಜ್ಜಿಗೆ. 25 ಲೀಟರ್ ಗಟ್ಟಿ ಮೊಸರು ಕಡೆದರೆ 90 ಲೀಟರಿನವರೆಗೂ ಬರುತ್ತದೆ, 600 ಜನಕ್ಕೆ ಒಂದೊಂದು ಲೋಟ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗು ಜಜ್ಜಿ ಹಾಕಲಿ. ಮೊಸರು ಹುಳಿ ಆಗಿರಬಾರದು ಅಂತ ಮುಂಚೆಯೇ ಹೇಳಿಬಿಡು.

ತಿಪಟೂರು, ತುರುವೇಕೆರೆ ಕಡೆ ನೆಂಟರ ತೋಟ ಇದ್ದರೆ ಒಂದು 100 ಎಳನೀರು ಕೇಳು. ನಮ್ಮ ಕಡೆ ಕಾಯಿಯನ್ನು ಕೊಬ್ಬರಿಗೆ ಬಿಡುವುದೇ ಜಾಸ್ತಿ, ಎಳೆಯದನ್ನು ಕೀಳಲು ಕೈ ಬರುವುದಿಲ್ಲ. ಆದರೂ ಮದುವೆ ಅಂದರೆ ಕೊಡುತ್ತಾರೆ. ವಯಸ್ಸಾದವರಿಗೆ, ಬಸುರಿಯರಿಗೆ ಅಷ್ಟು ಸಾಕು. ಕೇಳಿದವರಿಗೆ ಆಗಲೇ ಕೊಚ್ಚಿ ಕೊಡಬೇಕು. ಡ್ರಮ್ಮಿಗೆ ಸುರಿದಿಟ್ಟರೆ ರುಚಿ ಕೆಡುತ್ತದೆ.

ಹುಡುಗನ ಸ್ನೇಹಿತರನ್ನು ಮರೆಯಬೇಡ. ಅವರಿಗೆ ಒಟ್ಟಿಗೆ ಕೂತು ಗಲಾಟೆ ಮಾಡಲು ಒಂದು ಜಾಗ ಬೇಕು, ನಾಲಿಗೆಗೆ ಖಾರ ಬೇಕು. ಮಂಟಪದ ಪಕ್ಕದ ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿಸಿ, 20 ಕುರ್ಚಿ ಇಡಿಸು. ಗೋಲಿ ಸೋಡಾದವರನ್ನು ಕರೆಸು. ಉಪ್ಪು, ನಿಂಬೆ, ಜೀರಿಗೆ ಹಾಕಿದ ಮಸಾಲೆ ಸೋಡಾ, ಪನ್ನೀರ್ ಸೋಡಾ, ಜೊತೆಗೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ, ಚುರುಮುರಿ. ರಾತ್ರಿ 10ರ ಮೇಲೆ ಅಲ್ಲೇ ಫಿಲ್ಟರ್ ಕಾಫಿ. ಡಿಕಾಕ್ಷನ್ ಆಗಾಗ ಹೊಸದಾಗಿ ಇಳಿಸಲಿ. ಕಾರು ಓಡಿಸಿಕೊಂಡು ಹೋಗುವವರಿಗೆ ಅದೇ ಬೇಕು.

ಕೊನೆಗೆ ಅಪ್ಪನ ವಿಷಯ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರುತ್ತಾರಲ್ಲ, ಅಪ್ಪನ ಜೊತೆ ಬಿಟ್ಟ ಗೆಳೆಯರು ಇದ್ದೇ ಇರುತ್ತಾರೆ. ಅವರಲ್ಲಿ ಇಬ್ಬರನ್ನು ನೀನೇ ಹೋಗಿ ಎಲೆ ಅಡಿಕೆ ಇಟ್ಟು ಕರೆ. ಶನಿವಾರ ಮಧ್ಯಾಹ್ನವೇ ಬಂದು, ಅಲ್ಲೇ ಮಲಗಿ, ಧಾರೆ ಮುಗಿಸಿಕೊಂಡೇ ಹೋಗಲಿ ಅನ್ನು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅವರಿಗೆ ಗೊತ್ತಾಗುತ್ತದೆ. ಸಂಜೆ 6ಕ್ಕೆ, ಜನ ಬರುವ ಮುಂಚೆ, ಅಪ್ಪನನ್ನು ಕೂರಿಸಿ ಊಟ ಹಾಕಿಸುವ ಕೆಲಸವನ್ನು ತಮ್ಮನಿಗೋ ಚಿಕ್ಕಪ್ಪನ ಮಗನಿಗೋ ವಹಿಸು.

ಮದುವೆಯ ದಿನಕ್ಕಿಂತ ನನಗೆ ಜಾಸ್ತಿ ಚಿಂತೆ ಅದಾದ ಮೇಲಿನ ವಾರದ್ದು. ಚಪ್ಪರ ಬಿಚ್ಚಿರುತ್ತಾರೆ, ನೆಂಟರು ಹೋಗಿರುತ್ತಾರೆ, ನಿನ್ನ ರೂಮು ಖಾಲಿ. ಆಗ ದಿನಾ ಸಂಜೆ 7ರ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡು. ಅಮ್ಮನಿಗೆ ಮಾಡಿ ‘ಅಪ್ಪ ಹೇಗಿದ್ದಾರೆ’ ಅಂತ ಕೇಳುವುದಲ್ಲ, ಅವರಿಗೇ ಮಾಡು. ಊಟ ಏನು, ಯಾರು ಬಂದಿದ್ದರು ಅಂತ ಮಾತಾಡಿಸು. ಮನಸ್ಸು ತೀರಾ ತಳಮಳ ಅಂತ ಅವರು ಹೇಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅಪ್ಪನ ಫೋನಿನಲ್ಲಿ ಇವತ್ತೇ ಹಾಕಿಡು.