ಐಸಿಯುನಲ್ಲಿ ಸೆಪ್ಸಿಸ್ ಅಪರೂಪವಾ?

ಮೂತ್ರದ ಸೋಂಕಿನಿಂದ ತಂದೆಗೆ 'ಸಿವಿಯರ್ ಸೆಪ್ಸಿಸ್' (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ) ಆಗಿದೆ, ಇದು ಅಪರೂಪವಾ, ಬದುಕುವ ಸಾಧ್ಯತೆ ಎಷ್ಟು ಅಂತ ಕೇಳಿದ್ದೀರಿ.

ಅಪರೂಪ ಅಲ್ಲವೇ ಅಲ್ಲ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಸೆಪ್ಸಿಸ್ ಪ್ರಕರಣ, 1.1 ಕೋಟಿ ಸಾವು ಅಂತ ಅಂದಾಜಿದೆ. ಅಂದರೆ ಜಗತ್ತಿನ ಒಟ್ಟು ಸಾವುಗಳಲ್ಲಿ ಐದಕ್ಕೆ ಹತ್ತಿರ ಹತ್ತಿರ ಒಂದು.

'ಸಿವಿಯರ್ ಸೆಪ್ಸಿಸ್' ಅನ್ನೋ ಹೆಸರನ್ನು 2016ರಲ್ಲೇ ಕೈಬಿಟ್ಟರು, ಆದರೂ ವೈದ್ಯರ ಬಾಯಲ್ಲಿ ಉಳಿದುಬಿಟ್ಟಿದೆ. ಈಗ ಸೋಂಕಿನಿಂದ ಅಂಗಾಂಗ ಸೋಲತೊಡಗಿದರೆ ಸೆಪ್ಸಿಸ್, ಸಾವು ಶೇ. 10ಕ್ಕಿಂತ ಜಾಸ್ತಿ. ಸಾಕಷ್ಟು ಡ್ರಿಪ್ ಕೊಟ್ಟ ಮೇಲೂ ಬಿಪಿ ಹಿಡಿದಿಡಲು ಔಷಧಿ ಬೇಕಾಗಿ, ರಕ್ತದ ಲ್ಯಾಕ್ಟೇಟ್ (ದೇಹ ತೀವ್ರ ಒತ್ತಡದಲ್ಲಿದ್ದಾಗ ರಕ್ತದಲ್ಲಿ ಏರುವ ವಸ್ತು) 2 mmol/L ದಾಟಿದರೆ ಸೆಪ್ಟಿಕ್ ಶಾಕ್. ಅಲ್ಲಿ ಶೇ. 40ಕ್ಕಿಂತ ಜಾಸ್ತಿ.

ಆದರೆ ಇವು ಗುಂಪಿನ ಲೆಕ್ಕ, ನಿಮ್ಮ ತಂದೆಯದ್ದಲ್ಲ ಅಲ್ವಾ? ಹಾಸಿಗೆ ಪಕ್ಕದ ಸಿರಿಂಜ್ ಪಂಪ್ ನೋಡಿ. ನಾರ್‌ಅಡ್ರಿನಲಿನ್ (ಬಿಪಿ ಹಿಡಿದಿಡುವ ಔಷಧಿ) ಚೀಟಿ ಅಂಟಿಸಿದ್ದರೆ, ಅದರ ಡೋಸ್ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಕೇಳಿ. ಮೂತ್ರದ ಚೀಲ ಮತ್ತೆ ತುಂಬತೊಡಗಿದರೆ ಅದೂ ಒಳ್ಳೇ ಸೂಚನೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆಯಾ ಅಂತಲೂ ಕೇಳಿ. ಹಾಗಿದ್ದರೆ ಬರೀ ಆಂಟಿಬಯೋಟಿಕ್ ಸಾಲದು, ಕಟ್ಟಿಕೊಂಡ ಮೂತ್ರಕ್ಕೆ ಬೇಗ ದಾರಿ ಮಾಡಿಕೊಡಬೇಕು.